ಎಷ್ಟು ಹೊತ್ತು ನಂಬಬೇಕು ಈ ಅಂಕಿಯನ್ನು?

ಚೆನ್ನೈನ ಕೆರೆಗಳಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕವನ್ನು ಅಲ್ಲಿನ ಜಲಮಂಡಳಿ ದಿನವೂ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಪೂಂಡಿ ತುಂಬಿದರೆ 3,231 ದಶಲಕ್ಷ ಘನ ಅಡಿ, ಚೋಳವರಂ 1,081, ಪುಳಲ್ 3,300, ಚೆಂಬರಂಬಾಕ್ಕಂ 3,645. ಇವನ್ನು ತೋರಿಸಲು ರಿಯಾಕ್ಟ್ ಅಥವಾ ವ್ಯೂ ಬಳಸಿ ಒಂದು ಪುಟ ಕಟ್ಟುತ್ತೇವೆ ಎಂದುಕೊಳ್ಳೋಣ. ಇಂಥ ಚೌಕಟ್ಟುಗಳಲ್ಲಿ ಪುಟವೆಂದರೆ ಬಿಡಿ ಘಟಕಗಳ ಜೋಡಣೆ: ಮೇಲೆ ಒಟ್ಟು ನೀರು, ನಡುವೆ ಕೆರೆಗಳ ಪಟ್ಟಿ, ಕೆಳಗೆ ನಕ್ಷೆ. ಮೂರಕ್ಕೂ ಬೇಕಾದದ್ದು ಒಂದೇ ಮಾಹಿತಿ. ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಕಾರಣ ಮೂರೂ ಸರ್ವರ್‌ನ ಬಾಗಿಲು ತಟ್ಟುತ್ತವೆ.

ಹಾಗಾಗಿ ಮಾಹಿತಿ ತರುವ ಕೆಲಸವನ್ನು ಒಂದು ಸಣ್ಣ ಫಂಕ್ಷನ್‌ಗೆ ವಹಿಸುತ್ತಾರೆ. ಅದೇ ರ‍್ಯಾಪರ್. ಘಟಕ ಅದಕ್ಕೆ ಒಂದು ವಿಳಾಸ ಕೊಡುತ್ತದೆ. ಅದು ಮೂರು ಸಂಗತಿ ಹೇಳುತ್ತದೆ: ಬಂದ ಮಾಹಿತಿ, ಆದ ದೋಷ, ಇನ್ನೂ ಕಾಯಬೇಕೇ ಇಲ್ಲವೇ. ಅದೇ ವಿಳಾಸಕ್ಕೆ ಆಗಲೇ ಕರೆ ಹೋಗಿದ್ದರೆ ಹೊಸದಾಗಿ ಕಳಿಸುವುದಿಲ್ಲ, ಬಂದ ಉತ್ತರವನ್ನೇ ಮೂರೂ ಘಟಕಗಳಿಗೆ ಹಂಚುತ್ತದೆ.

ತೊಡಕು ಇಲ್ಲಿಂದ ಶುರು. ಓದುಗರು ಪೂಂಡಿ ಒತ್ತಿ, ಮರುಕ್ಷಣವೇ ಪುಳಲ್ ಒತ್ತುತ್ತಾರೆ. ಮೊಬೈಲ್ ಜಾಲದಲ್ಲಿ ಮೊದಲು ಹೋದ ಕರೆಗೆ ಮೊದಲು ಉತ್ತರ ಬರಬೇಕೆಂದೇನಿಲ್ಲ. ಪೂಂಡಿಯ ಉತ್ತರ ತಡವಾಗಿ ಬಂದು ಪುಳಲ್ ಹೆಸರಿನ ಕೆಳಗೆ ಕೂತರೆ ದೋಷದ ಸೂಚನೆಯೇ ಇರದು, ಅಂಕಿ ಮಾತ್ರ ತಪ್ಪು. ಹೊಸ ಕರೆ ಹೊರಟ ಕೂಡಲೇ ಹಳೆಯದನ್ನು ರದ್ದು ಮಾಡಲು ಬ್ರೌಸರ್‌ಗಳಲ್ಲಿ ಅಬಾರ್ಟ್‌ಕಂಟ್ರೋಲರ್ ಎಂಬ ಸಾಧನವಿದೆ.

ಇನ್ನೊಂದು ತೊಡಕು ಸೊನ್ನೆಯದು. 2019ರ ಜೂನ್‌ನಲ್ಲಿ ಈ ನಾಲ್ಕೂ ಕೆರೆಗಳು ಬಹುತೇಕ ಬತ್ತಿದ್ದವು. ಜಾವಾಸ್ಕ್ರಿಪ್ಟ್ ಷರತ್ತು ಪರೀಕ್ಷಿಸುವಾಗ 0 ಎಂಬುದನ್ನು ‘ಸುಳ್ಳು’ ಎಂದು ಎಣಿಸುತ್ತದೆ. ಉತ್ತರ ಇದೆಯೇ ಎಂದಷ್ಟೇ ನೋಡುವ ಅವಸರದ ಕೋಡ್ ಬತ್ತಿದ ಕೆರೆಗೆ ‘ಮಾಹಿತಿ ಇಲ್ಲ’ ಎಂದು ಬರೆದುಬಿಡುತ್ತದೆ. ನೀರಿಲ್ಲ ಎನ್ನುವುದೂ ಒಂದು ಮಾಹಿತಿ, ಬೇಸಿಗೆಯಲ್ಲಿ ಊರು ಕೇಳುತ್ತಿರುವುದೂ ಅದನ್ನೇ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ತಾಜಾತನದ್ದು. ತಂದ ಉತ್ತರವನ್ನು ಕ್ಯಾಶೆಯಲ್ಲಿ ಇಟ್ಟುಕೊಂಡರೆ ಪುಟ ಚುರುಕಾಗುತ್ತದೆ, ಸರ್ವರ್‌ಗೂ ಹಗುರ. ಹಳೆಯ ಪ್ರತಿಯನ್ನು ತಕ್ಷಣ ತೋರಿಸಿ, ಹಿನ್ನೆಲೆಯಲ್ಲಿ ಹೊಸದನ್ನು ತರುವ ಪದ್ಧತಿಯನ್ನು 2010ರ ಆರ್‌ಎಫ್‌ಸಿ 5861 ಎಂಬ ದಾಖಲೆ ವಿವರಿಸಿತು. 2019ರಲ್ಲಿ ಬಂದ ಎಸ್‌ಡಬ್ಲ್ಯುಆರ್ ಎಂಬ ರಿಯಾಕ್ಟ್ ಲೈಬ್ರರಿ ತನ್ನ ಹೆಸರನ್ನೂ ಅಲ್ಲಿಂದಲೇ ಪಡೆಯಿತು. ಬೇಸಿಗೆಯಲ್ಲಿ ಕೆರೆಯ ಮಟ್ಟ ದಿನಕ್ಕೆ ಒಂದಿಷ್ಟು ಇಳಿಯುತ್ತದೆ ಅಷ್ಟೆ, ಆರು ಗಂಟೆ ಹಳೆಯ ಅಂಕಿಯಿಂದ ನಷ್ಟವಿಲ್ಲ. ಆದರೆ 2015ರ ಡಿಸೆಂಬರ್ ಆರಂಭದ ಮಹಾಮಳೆಯಲ್ಲಿ ಚೆಂಬರಂಬಾಕ್ಕಂನಿಂದ ಅಡ್ಯಾರ್ ನದಿಗೆ ಬಿಟ್ಟ ನೀರು ಸೆಕೆಂಡಿಗೆ 29,000 ಘನ ಅಡಿ ಮುಟ್ಟಿತ್ತು. ಅಂಥ ದಿನ ನದಿ ದಂಡೆಯವರಿಗೆ ಆರು ಗಂಟೆ ಹಿಂದಿನ ಅಂಕಿ ತೋರಿಸುವುದು ಅಪಾಯ. ಆದ್ದರಿಂದ ಎಷ್ಟು ಹಳೆಯದು ಸಹ್ಯ ಎಂಬುದನ್ನು ಪ್ರತಿ ಘಟಕವೂ ಹೇಳುವಂತಿರಬೇಕು. ಮಾಹಿತಿ ಯಾವ ಹೊತ್ತಿನದೆಂದು ತೆರೆಯ ಮೇಲೆ ಕಾಣಬೇಕು.

ಮಳೆ ಜೋರಾದಾಗ ಪುಟ ನೋಡುವವರೂ ಒಟ್ಟಿಗೇ ನುಗ್ಗುತ್ತಾರೆ. ಸರ್ವರ್ ತತ್ತರಿಸಿದಾಗ ಎಲ್ಲರ ಬ್ರೌಸರ್‌ಗಳೂ ಅದೇ ಸೆಕೆಂಡಿನಲ್ಲಿ ಮರುಪ್ರಯತ್ನಿಸಿದರೆ ಅದು ಮತ್ತೆ ಮಗುಚಿಕೊಳ್ಳುತ್ತದೆ. ಅದಕ್ಕೇ 1, 2, 4 ಸೆಕೆಂಡ್ ಎಂದು ಬಿಡುವು ದುಪ್ಪಟ್ಟಾಗಿಸುತ್ತಾ, ಪ್ರತಿ ಬಾರಿಯೂ ತುಸು ಯಾದೃಚ್ಛಿಕ ಹೊತ್ತು ಸೇರಿಸುತ್ತಾರೆ. ವಿಳಾಸವೇ ಇಲ್ಲವೆನ್ನುವ 404ಕ್ಕೆ ಮರುಪ್ರಯತ್ನ ವ್ಯರ್ಥ. ನೀರಿನ ಬಿಲ್ ಕಟ್ಟುವಂಥ ಕರೆಯನ್ನಂತೂ ತಾನಾಗಿ ಮತ್ತೆ ಕಳಿಸಲೇಬಾರದು, ಹಣ ಎರಡು ಬಾರಿ ಹೋದೀತು.

ಇಷ್ಟರಲ್ಲಿ ಯಾವುದನ್ನು ಬಳಸುವವರ ಆಯ್ಕೆಗೆ ಬಿಡಬೇಕು? ಘಟಕ ಬರೆಯುವವರಿಗೆ ಮಾತ್ರ ಗೊತ್ತಿರುವುದನ್ನು: ವಿಳಾಸ, ತಾಜಾತನದ ಮಿತಿ, ಮರುಪ್ರಯತ್ನದ ಸಂಖ್ಯೆ. ತಡವಾಗಿ ಬಂದ ಉತ್ತರವನ್ನು ಎಸೆಯುವುದು, ಸೊನ್ನೆಯನ್ನು ಸೊನ್ನೆಯೆಂದೇ ತಿಳಿಯುವುದು ಆಯ್ಕೆಯ ವಿಷಯಗಳಲ್ಲ. ಅವಕ್ಕೆ ಸರಿಯುತ್ತರ ಒಂದೇ, ಅದು ಒಳಗೇ ಇರಬೇಕು. ಇಪ್ಪತ್ತು ಆಯ್ಕೆಗಳಿರುವ ರ‍್ಯಾಪರ್ ತಾನು ಹೊರಬೇಕಾದ ನಿರ್ಧಾರಗಳನ್ನು ಬಳಸುವವರ ತಲೆಗೇ ಕಟ್ಟಿರುತ್ತದೆ.