ಮಂಡ್ಯದಲ್ಲಿ ಓದು, ಬೆಳಗಾವಿಯಿಂದ ಡಿಗ್ರಿ

ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನ ಹೆಸರು ನಿಮಗೆಲ್ಲ ಗೊತ್ತು. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಕಾಲೇಜು ಅದು. ಆದರೆ ಅಲ್ಲಿ ಓದಿದವರಿಗೆ ಡಿಗ್ರಿ ಕೊಡುವುದು ಸುಮಾರು 500 ಕಿ.ಮೀ. ದೂರದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿ.ಟಿ.ಯು. ಇದು ಯಾಕೆ ಹೀಗೆ?

ಪಾಠ ಹೇಳುವುದು ಕಾಲೇಜು, ಪದವಿ ಕೊಡುವುದು ವಿಶ್ವವಿದ್ಯಾಲಯ. ಮೊದಲು ನಮ್ಮ ಕಡೆಯ ಇಂಜಿನಿಯರಿಂಗ್ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ, ಹುಬ್ಬಳ್ಳಿ ಕಡೆಯವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಒಂದೊಂದು ಕಡೆ ಒಂದೊಂದು ಪಠ್ಯ, ಒಂದೊಂದು ಪರೀಕ್ಷೆ. ಇವನ್ನೆಲ್ಲ ಒಂದೇ ಕಡೆ ತರಲು 1994ರಲ್ಲಿ ಕಾಯಿದೆ ಆಯಿತು, 1998ರಲ್ಲಿ ವಿ.ಟಿ.ಯು. ಶುರುವಾಯಿತು. ಪಿ.ಇ.ಎಸ್. ಈಗ ಸ್ವಾಯತ್ತ ಕಾಲೇಜು. ಪ್ರಶ್ನೆಪತ್ರಿಕೆ ಅವರದೇ, ಡಿಗ್ರಿ ಮಾತ್ರ ವಿ.ಟಿ.ಯು.ದು.

ವಿಶ್ವವಿದ್ಯಾಲಯದ ಆವರಣದ ಹೆಸರು ‘ಜ್ಞಾನ ಸಂಗಮ’. ಬೆಳಗಾವಿಯಿಂದ ಖಾನಾಪುರದ ಕಡೆ ಹೋಗುವಾಗ ಮಚ್ಛೆ ಎಂಬ ಊರಿನ ಹತ್ತಿರ ಸಿಗುತ್ತದೆ. ಆಡಳಿತ ಕಚೇರಿ, ಪರೀಕ್ಷಾ ವಿಭಾಗ, ಮೇಲಿನ ತರಗತಿಗಳು ಎಲ್ಲ ಅಲ್ಲೇ. ಪ್ರಾದೇಶಿಕ ಕಚೇರಿ ಮೈಸೂರಲ್ಲೂ ಇದೆ. ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿಯಲ್ಲೂ ಒಂದು ಕೇಂದ್ರ ಉಂಟು. ಒಂದು ತಮಾಷೆ: ವಿ.ಸಿ. ಅಂದರೆ ನಮಗೆ ಮದ್ದೂರು, ಮಳವಳ್ಳಿ ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆ, ಅಲ್ಲಿ ವಿ.ಸಿ. ಅಂದರೆ ಕುಲಪತಿ! ಎರಡು ಕಡೆಯೂ ಹೆಸರು ಅದೇ ಮಹಾನುಭಾವರದು. ಅವರು ತೀರಿಕೊಂಡದ್ದೂ ಪಿ.ಇ.ಎಸ್. ಕಾಲೇಜು ಶುರುವಾದ 1962ರಲ್ಲೇ.

ಇಂಜಿನಿಯರಿಂಗ್ ಪೇಟೆ ಮಕ್ಕಳಿಗೆ ಮಾತ್ರ ಅಂತ ಊರಲ್ಲಿ ಹೇಳುತ್ತಾರೆ. ಅದು ಸುಳ್ಳು. ಪಿ.ಯು.ಸಿ. ಸೈನ್ಸ್ ಆದಮೇಲೆ ಸಿ.ಇ.ಟಿ. ಬರೆಯಬೇಕು. ಅದರಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಪೂರಾ ಹತ್ತು ವರ್ಷ ಆಗಿರಬೇಕು. ಒಂದು ವರ್ಷ ಪೇಟೆ ಶಾಲೆಗೆ ಹೋಗಿ ಬಂದರೂ ಗ್ರಾಮೀಣ ಕೋಟಾ ಹೋಯಿತು. ಎಂಟನೇ ಕ್ಲಾಸಿಗೆ ಮಂಡ್ಯದಲ್ಲಿ ಸೇರಿಸೋಣ ಅನ್ನುವ ಅಪ್ಪ ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿ.

ಇನ್ನೊಂದು ದಾರಿಯೂ ಉಂಟು. ಎಸ್.ಎಸ್.ಎಲ್.ಸಿ. ಆದ ಕೂಡಲೇ ಪಾಲಿಟೆಕ್ನಿಕ್‌ನಲ್ಲಿ 3 ವರ್ಷ ಡಿಪ್ಲೊಮಾ ಮಾಡಿ, ಡಿ.ಸಿ.ಇ.ಟಿ. ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ವಿ.ಟಿ.ಯು.ಗೆ ಸೇರಿದ್ದಲ್ಲ, ತಾಂತ್ರಿಕ ಶಿಕ್ಷಣ ಇಲಾಖೆಯದು. ಮನೆಯಲ್ಲಿ ದುಡ್ಡಿನ ತಾಪತ್ರಯ ಇರುವವರಿಗೆ ಇದೇ ಮೇಲು ಅಂತ ನನಗನ್ನಿಸುತ್ತದೆ. 3 ವರ್ಷಕ್ಕೇ ಕೆಲಸಕ್ಕೂ ಸೇರಬಹುದಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಶಾಲೆಯ ಹೆಡ್‌ಮಾಸ್ಟರ ಸಹಿ, ಬಿ.ಇ.ಓ. ಮೇಲುಸಹಿ ಎರಡೂ ಬೇಕು. ಬೇರೆ ಊರಲ್ಲಿ ಪ್ರೈಮರಿ ಓದಿದವರು ಆ ಶಾಲೆಯಿಂದಲೂ ಈಗಲೇ ಬರೆಸಿಟ್ಟುಕೊಳ್ಳಿ.