ಹಿಕ್ಕೆ ನೋಡಿ ಹೇಳುವವರು, ರೆಕ್ಕೆ ನೋಡಿ ಹೇಳುವವರು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ‘ಬೋರರ್’ ಎಂದರೆ ಬಿಳಿ ಕಾಂಡಕೊರಕ ಎಂದೇ ಅರ್ಥ. ಅರೇಬಿಕಾ ಬೆಳೆಗಾರರ ನಿದ್ದೆಗೆಡಿಸಿದ ಆ ಹುಳು ಒಂದು ದುಂಬಿಯ ಮರಿ. ಅದರ ಗಲಾಟೆಯಲ್ಲಿ ಇನ್ನೊಂದು ಕೊರಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದೇ ಕೆಂಪು ಕಾಂಡಕೊರಕ, ಪತಂಗದ ಮರಿ. ಪ್ರಾಣಿಶಾಸ್ತ್ರ ಓದಿ, ಅದನ್ನೇ ಪಾಠ ಮಾಡಿ ನಿವೃತ್ತನಾದವನು ನಾನು. ಆದರೂ ಇವೆರಡನ್ನು ಬೇರೆ ಮಾಡುವುದು ಹೇಗೆಂದು ಹೇಳಿಕೊಟ್ಟವರು ತೋಟ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ. “ಮೊದ್ಲು ಬುಡ ನೋಡೋ ಮಾರಾಯ. ಹಿಕ್ಕೆ ಬಿದ್ದಿದ್ರೆ ಕೆಂಪಿಂದು. ಗಿಡ ಸೊರಗಿಯೂ ಬುಡ ಚೊಕ್ಕಟ ಇದ್ರೆ ಬಿಳೀದು.”

ಚಿಕ್ಕಪ್ಪನ ಮಾತು ಕೀಟಶಾಸ್ತ್ರಕ್ಕೂ ಒಪ್ಪುವಂಥದ್ದೇ. ದುಂಬಿಯ ಮರಿ ತಾನು ಕೊರೆದ ಹುಡಿಯನ್ನು ಬೆನ್ನ ಹಿಂದೆಯೇ ಗಟ್ಟಿಯಾಗಿ ತುಂಬಿಕೊಳ್ಳುತ್ತ ಮುಂದೆ ಹೋಗುತ್ತದೆ. ಹೊರಗೆ ಒಂದು ಕಾಳೂ ಬೀಳುವುದಿಲ್ಲ. ಪತಂಗದ ಮರಿಗೆ ಮನೆ ಗುಡಿಸುವ ಚಾಳಿ. ಸುರಂಗದ ಗೋಡೆಗೆ ಅಲ್ಲಲ್ಲಿ ತೂತು ಮಾಡಿ ಹಿಕ್ಕೆಯನ್ನು ಹೊರಗೆ ನೂಕುತ್ತದೆ. ಅಂಥ ಒಂದು ರೊಬಸ್ಟಾ ಗಿಡದ ಕಾಂಡವನ್ನು ಕಸಿ ಕತ್ತರಿಯಿಂದ ಕತ್ತರಿಸಿ ಉದ್ದಕ್ಕೆ ಸೀಳಿದರೆ ತಿರುಳಿನ ಜಾಗದಲ್ಲಿ ನುಣ್ಣನೆಯ ಕೊಳವೆ ಕಾಣುತ್ತದೆ. ಕೊನೆಯಲ್ಲಿ ಕಿತ್ತಳೆಗೆಂಪು ಬಣ್ಣದ, ಕಡುತಲೆಯ ಹುಳು. ಕತ್ತಿನ ಮೇಲೆ ಗಟ್ಟಿ ಕವಚ. ಬೆಳಕು ಬಿದ್ದ ಕೂಡಲೇ ಹಿಂದಕ್ಕೆ ಸರಿಯುತ್ತದೆ, ಮುಂದಕ್ಕೆ ಸರಿದಷ್ಟೇ ಸಲೀಸಾಗಿ.

ಈ ಹುಳು ಕೋಶಕ್ಕೆ ಹೋಗುವುದೂ ಸುರಂಗದೊಳಗೇ. ಪತಂಗಕ್ಕೆ ಕೊರೆಯುವ ದವಡೆ ಇಲ್ಲ. ಹೊರಗೆ ಬರುವುದು ಹೇಗೆ? ಅದಕ್ಕೆ ಹುಳುವೇ ಮೊದಲು ಬಾಗಿಲು ಮಾಡಿಟ್ಟಿರುತ್ತದೆ. ಕೋಶದ ಹೊಟ್ಟೆಯ ಸುತ್ತ ಸಾಲುಸಾಲು ಚಿಕ್ಕ ಮುಳ್ಳುಗಳಿವೆ. ಅವನ್ನು ಗೋಡೆಗೆ ಊರಿ, ತಿರುಚಿಕೊಳ್ಳುತ್ತ ಕೋಶ ಬಾಗಿಲವರೆಗೆ ಬಂದು ಅರ್ಧ ಮೈ ಹೊರಗೆ ಚಾಚುತ್ತದೆ. ಆಮೇಲೆ ಸಿಪ್ಪೆ ಒಡೆಯುತ್ತದೆ. ತೊಗಟೆಯಿಂದ ಹೊರಚಾಚಿಕೊಂಡ ಕಂದು ಬಣ್ಣದ ಖಾಲಿ ಸಿಪ್ಪೆಯನ್ನು ನೀವು ನೋಡಿರಬಹುದು, ಏನೆಂದು ತಿಳಿಯದೆ ಮುಂದೆ ಹೋಗಿರಬಹುದು. ಹೊರಬಿದ್ದ ಪತಂಗ ಬಿಳಿ ರೆಕ್ಕೆಯ ಮೇಲೆ ಉಕ್ಕಿನ ನೀಲಿ ಚುಕ್ಕೆ ಹೊತ್ತ ಸುಂದರಿ. ಮಕರಂದ ಹೀರುವ ಸೊಂಡಿಲು ಇಲ್ಲ. ಇರುವ ಕೆಲವೇ ದಿನ ಉಪವಾಸ. ಮರಿಯಾಗಿದ್ದಾಗ ತಿಂದದ್ದರಲ್ಲೇ ಕೂಡಬೇಕು, ನೂರಾರು ಮೊಟ್ಟೆ ಇಡಬೇಕು, ಸಾಯಬೇಕು. ಮೊಟ್ಟೆಯೊಡೆದ ಮರಿಗಳು ರೇಷ್ಮೆ ಎಳೆ ಬಿಟ್ಟು ಗಾಳಿಯಲ್ಲಿ ತೇಲಿಕೊಂಡು ಬೇರೆ ಬೇರೆ ಗಿಡ ಸೇರುತ್ತವೆ. ಕಾಫಿಯೊಂದೇ ಆಗಬೇಕೆಂಬ ಹಟವಿಲ್ಲ. ಚಹಾ, ಕೋಕೋ, ಶ್ರೀಗಂಧ, ಯಾವುದಾದರೂ ಆದೀತು.

ಕಾಸಿಡೇ ಎಂಬುದು ಇದರ ಕುಟುಂಬದ ಹೆಸರು. ಇಂಗ್ಲೆಂಡಿನ ವಿಲಿಯಂ ಲೀಚ್ 1815ರಲ್ಲಿ ಅದನ್ನು ಕಟ್ಟಿದ. ಹೆಸರಿನ ಮೂಲ ಯುರೋಪಿನ ಆಡುಪತಂಗ, ಲಿನ್ನೇಯಸ್ 1758ರಲ್ಲಿ ಹೆಸರಿಟ್ಟ ಪ್ರಭೇದ. ಅದರ ಮರಿ ವಿಲೋ ಮರದೊಳಗೆ ವರ್ಷಗಟ್ಟಲೆ ಕೂತು ದಿಮ್ಮಿ ತಿನ್ನುತ್ತದೆ, ಹೋತದ ವಾಸನೆ ಹೊಡೆಯುತ್ತದೆ. ಲಿನ್ನೇಯಸ್ ಹೆಸರಿಟ್ಟ ಎರಡು ವರ್ಷಕ್ಕೆ, 1760ರಲ್ಲಿ, ಪಿಯೆರ್ ಲಿಯೋನೆ ಎಂಬ ಹೇಗ್ ನಗರದ ವಕೀಲ ಈ ಒಂದೇ ಹುಳುವಿನ ಮೇಲೆ ದಪ್ಪ ಪುಸ್ತಕ ಬರೆದ. ಅದರ ಮೈಯಲ್ಲಿ 4,000ಕ್ಕೂ ಹೆಚ್ಚು ಸ್ನಾಯುಗಳನ್ನು ಎಣಿಸಿ, ಚಿತ್ರಗಳನ್ನು ತಾಮ್ರದ ಹಲಗೆಯ ಮೇಲೆ ತಾನೇ ಕೊರೆದ. ಕೀಟದ ಅಂಗರಚನೆ ಕಲಿಸುವಾಗ ನಾನು ಆ ಚಿತ್ರಗಳ ಬಗ್ಗೆ ಹೇಳದೆ ಬಿಟ್ಟದ್ದಿಲ್ಲ. ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಹೇಳುವ ಸುಖವೇ ಬೇರೆ.

ನಮ್ಮ ಕೆಂಪು ಕೊರಕಕ್ಕೆ ಹೆಸರಿಟ್ಟವನು ಸಿಲೋನಿನಲ್ಲಿ ಕಾಫಿ ಬೆಳೆಯುತ್ತಿದ್ದ ನೀಟ್ನರ್, 1861ರಲ್ಲಿ. ಇಲ್ಲಿಯ ಪತಂಗಗಳನ್ನೆಲ್ಲ ಒಂದೆಡೆ ತಂದ ಜಾರ್ಜ್ ಹ್ಯಾಂಪ್ಸನ್ ಕೂಡ ಮೊದಲು ನೀಲಗಿರಿಯ ಚಹಾ ತೋಟದವನೇ. ಅವನ ಗ್ರಂಥದ ಮೊದಲ ಸಂಪುಟ ಬಂದದ್ದು 1892ರಲ್ಲಿ. ತೋಟದವರೇ ಶಾಸ್ತ್ರ ಬರೆದರೂ ವಿಂಗಡಣೆಗೆ ಹಿಡಿದದ್ದು ಮಾತ್ರ ರೆಕ್ಕೆಯನ್ನು. ರೆಕ್ಕೆಯ ನಡುವಿನ ಕೋಣೆಯೊಳಗೆ ಒಂದು ನರ ಕವಲೊಡೆದಿದ್ದರೆ ಅದು ಕಾಸಿಡೇಯ ಗುರುತು.

ತೊಡಕು ಇಲ್ಲೇ ಇದೆ. ಈ ಕವಲು ನರ ಪತಂಗಗಳ ಹಳೇ ಪೂರ್ವಜರಲ್ಲೂ ಇತ್ತು. ಎಷ್ಟೋ ಕುಟುಂಬಗಳು ಅದನ್ನು ಕಳೆದುಕೊಂಡವು, ಇವು ಉಳಿಸಿಕೊಂಡವು. ಅಜ್ಜನ ಕಾಲದ ಹಿತ್ತಾಳೆ ಹಂಡೆ ಎರಡು ಮನೆಯಲ್ಲಿ ಇದೆಯೆಂದು ಆ ಇಬ್ಬರೂ ಅಣ್ಣತಮ್ಮಂದಿರು ಎನ್ನಲಾದೀತೇ? ಮರ ಕೊರೆಯುವ ಬದುಕನ್ನು ಗುರುತಾಗಿ ಹಿಡಿದರೂ ಅಷ್ಟೇ. ಕತ್ತಲ ಕೊಳವೆಯಲ್ಲಿ ಬದುಕುವ ಯಾವ ಹುಳುವಾದರೂ ಬಲವಾದ ದವಡೆ, ರೋಮ ಕಡಿಮೆಯಾದ ಉರುಟು ಮೈ ಪಡೆಯುತ್ತದೆ. ಹೀಗಾಗಿ ಕಾಸಿಡೇ ಎಂಬುದು ಒಂದೇ ವಂಶವೋ, ಹೋಲುವವುಗಳನ್ನೆಲ್ಲ ತುಂಬಿದ ಚೀಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಮತ ಕೇಳಿದರೆ, ಚೀಲವೇ ಎನ್ನುತ್ತೇನೆ.

2011ರ ಜಾಗತಿಕ ಪಟ್ಟಿ ಇದರಲ್ಲಿ 151 ಕುಲ, 971 ಪ್ರಭೇದ ಎಣಿಸಿತು. ಕಣಜದಂತೆ ಕಾಣುವ ಗಾಜುರೆಕ್ಕೆಯ ಪತಂಗಗಳನ್ನೂ ಇದೇ ಮಹಾಕುಟುಂಬದೊಳಗೆ ತಂದು ಕೂರಿಸಿತು. ಅದೇ ವರ್ಷ ರಷ್ಯಾದ ರೋಮನ್ ಯಾಕೋವ್ಲೆವ್ ಕಾಫಿಯ ಕೊರಕವನ್ನು ಜ್ಯೂಜೆರಾ ಕುಲದಿಂದ ಎತ್ತಿ ಪಾಲಿಫ್ಯಾಗೊಜೆರ್ರಾ ಎಂಬ ಹೊಸ ಕುಲಕ್ಕೆ ಹಾಕಿದರು. ಕೇರಳದ ತೇಗದ ತೋಪುಗಳಲ್ಲಿ, ಸೊಪ್ಪಿಗೆಂದೋ ಸೌದೆಗೆಂದೋ ಕೊಂಬೆ ಕಡಿದ ಗಾಯದ ಹತ್ತಿರ ಸೇರಿಕೊಳ್ಳುವ ಇನ್ನೊಂದು ಕೊರಕಕ್ಕೂ ಕುಲ ಬದಲಾಗಿದೆ.

ಕುಟುಂಬದ ದೊಡ್ಡಣ್ಣ ಇರುವುದು ಆಸ್ಟ್ರೇಲಿಯಾದಲ್ಲಿ. ನೀಲಗಿರಿ ಮರದೊಳಗೆ ಬೆಳೆಯುವ ಆ ಪತಂಗದ ಹೆಣ್ಣು 30 ಗ್ರಾಂವರೆಗೆ ತೂಗುತ್ತದೆ. ಪತಂಗಗಳಲ್ಲೇ ಅತಿ ಭಾರದ್ದು. ಅಲ್ಲಿಯ ಮರುಭೂಮಿಯ ಮೂಲನಿವಾಸಿಗಳು ಅಕೇಶಿಯಾ ಬೇರು ಅಗೆದು ತೆಗೆಯುವ ವಿಚೆಟ್ಟಿ ಹುಳುವೂ ಇದೇ ಕುಟುಂಬದ್ದು. ಹಸಿಯಾಗಿಯೂ ತಿನ್ನುತ್ತಾರೆ, ಕೆಂಡದ ಬೂದಿಯಲ್ಲಿ ಸುಟ್ಟೂ ತಿನ್ನುತ್ತಾರೆ.

ಕಾಫಿ ತೋಟ ಇಲ್ಲದವರು ಈ ಬಳಗದ ಒಂದು ಹುಳುವನ್ನು ನೋಡಬೇಕಾದರೆ ಹಿತ್ತಲಿನ ಸೀಬೆ, ಮಾವು, ನುಗ್ಗೆ ಮರದ ಕವಲು ನೋಡಿ. ಕಂದು ಹುಡಿ ಮೆತ್ತಿದ ಜೇಡರ ಬಲೆಯಂಥ ಪಟ್ಟಿ ತೊಗಟೆಗುಂಟ ಹರಿದಿದ್ದರೆ ಅದು ತೊಗಟೆ ತಿನ್ನುವ ಹುಳುವಿನದು. ಇದನ್ನು ಹ್ಯಾಂಪ್ಸನ್ ಬೇರೆ ಕುಟುಂಬಕ್ಕೇ ಹಾಕಿದ್ದ. ಆಮೇಲೆ ಕೆಲವರು ಕಾಸಿಡೇಯ ಒಳಗೆ ತಂದರು, 2011ರ ಪಟ್ಟಿ ಮತ್ತೆ ಹೊರಗಿಟ್ಟು ಪಕ್ಕದ ಮನೆ ಕೊಟ್ಟಿತು. ಹುಳು ಹಗಲೆಲ್ಲ ಕವಲಿನ ಸಣ್ಣ ಗೂಡಿನಲ್ಲಿದ್ದು, ರಾತ್ರಿ ಆ ಪಟ್ಟಿಯ ಮರೆಯಲ್ಲಿ ಹೊರಟು ತೊಗಟೆ ಕೆರೆದು ತಿನ್ನುತ್ತದೆ. ಪಟ್ಟಿಯನ್ನು ಪೊರಕೆಯಿಂದ ಗುಡಿಸಿ, ತೂತಿಗೆ ತಂತಿ ಹಾಕಿ ತಿವಿಯಿರಿ. ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಮಣ್ಣು ಮೆತ್ತಿ. ಮರುದಿನ ಹೊಸ ಹುಡಿ ಕಂಡರೆ ಪಕ್ಕದ ಕವಲಲ್ಲೂ ಒಂದು ಇದೆ ಎಂದರ್ಥ.