ಕಾರ್ಮಿಕ ಸಂಘವೂ ಹೊರದೇಶದ ಹಣವೂ

ಶಹಾಪುರದ ಓಣಿಗಳಲ್ಲಿ ಮಗ್ಗದ ಸಪ್ಪಳ ಪರಿಚಿತವಾದುದು. ಅಲ್ಲಿಯ ನೇಕಾರ ಕೂಲಿಗಳು ಒಂದು ಸಂಘ ಕಟ್ಟಿಕೊಂಡು, ಕೂಲಿ ಹೆಚ್ಚಬೇಕೆಂದು ಮುಷ್ಕರ ಹೂಡಿದ್ದಾರೆಂದು ಭಾವಿಸೋಣ. ವಾರ ಎರಡಾಯಿತು, ಒಲೆ ಹೊತ್ತುವುದು ಕಷ್ಟವಾಯಿತು. ಆಗ ಹೊರದೇಶದ ಜವಳಿ ಕಾರ್ಮಿಕರ ಸಂಘವೊಂದು, ನಿಮ್ಮ ಮಕ್ಕಳ ಊಟಕ್ಕಿರಲಿ ಎಂದು ಹಣ ಕಳುಹಿಸಲು ಮುಂದಾಗುತ್ತದೆ. ತೆಗೆದುಕೊಳ್ಳಬಹುದೆ?

ಪ್ರಶ್ನೆ ಹೊಸದಲ್ಲ. ಬೆಳಗಾವಿ ಮುಂಬಯಿ ಇಲಾಖೆಗೂ ಪಕ್ಕದ ಶಹಾಪುರ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದ ಕಾಲ. 1928ರಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ದೊಡ್ಡ ಮುಷ್ಕರಕ್ಕೆ ರಶಿಯದ ಜವಳಿ ಕಾರ್ಮಿಕರಿಂದ ಹಣ ಬಂದಿತ್ತು. ಹಸಿದವರಿಗೆ ಅದು ಅನ್ನ. ಬ್ರಿಟಿಷ್ ಸರಕಾರದ ಕಣ್ಣಿಗೆ ಪಿತೂರಿಯ ವಾಸನೆ. ಮರುವರ್ಷದ ಮೀರತ್ ಮೊಕದ್ದಮೆಯಲ್ಲಿ ಮುಂಬಯಿಯ ಕಾರ್ಮಿಕ ಮುಂದಾಳುಗಳೂ ಆರೋಪಿಗಳಾದರು.

ಸ್ವತಂತ್ರ ಭಾರತದಲ್ಲಿ ಇದಕ್ಕಾಗಿ ವಿದೇಶೀ ವಂತಿಗೆ ಕಾಯಿದೆ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಅದರ ಜಾಗದಲ್ಲಿ ಈಗಿರುವುದು 2010ರ ಕಾಯಿದೆ. ರಾಜಕೀಯ ಪಕ್ಷಗಳಿಗೂ ‘ರಾಜಕೀಯ ಸ್ವರೂಪದ’ ಸಂಸ್ಥೆಗಳಿಗೂ ಹೊರದೇಶದ ಹಣ ಕೂಡದು. 2011ರ ನಿಯಮಗಳು ಈ ಎರಡನೆಯ ಗುಂಪಿನಲ್ಲಿ ರಾಜಕೀಯ ಗುರಿಯುಳ್ಳ ಕಾರ್ಮಿಕ ಸಂಘಗಳನ್ನೂ ಪಕ್ಷಗಳ ಕಾರ್ಮಿಕ ಅಂಗಗಳನ್ನೂ ಎಣಿಸಿದುವು. ಅಷ್ಟೇ ಆಗಿದ್ದರೆ ಒಪ್ಪಬಹುದಿತ್ತು. ಪದೇ ಪದೇ ಬಂದ್, ಹರತಾಳ, ರಸ್ತೆ ತಡೆ ನಡೆಸುವ ಸಂಸ್ಥೆಯೂ ರಾಜಕೀಯದ್ದೆಂದು ಸೇರಿಸಿದರು. ಬಡವನ ಕೈಯಲ್ಲಿರುವ ಆಯುಧಗಳೇ ಇವಲ್ಲವೆ? 2020ರ ಮಾರ್ಚಿ 6ರಂದು ಸುಪ್ರೀಂ ಕೋರ್ಟು ಇದಕ್ಕೆ ಮಿತಿ ಹಾಕಿತು. ಸಕ್ರಿಯ ರಾಜಕೀಯದಲ್ಲಾಗಲಿ ಪಕ್ಷ ರಾಜಕೀಯದಲ್ಲಾಗಲಿ ಇಲ್ಲದ ಸಂಸ್ಥೆ, ಜನರ ಅಹವಾಲಿಗಾಗಿ ಬಂದ್ ನಡೆಸಿತೆಂಬ ಮಾತ್ರಕ್ಕೆ ರಾಜಕೀಯದ್ದಾಗದು ಎಂದಿತು.

ಇಲ್ಲೊಂದು ವಿಚಿತ್ರವುಂಟು. ಸದಸ್ಯರ ರಾಜಕೀಯ ಹಿತಕ್ಕಾಗಿ ಸಂಘವು ಬೇರೆಯೇ ಒಂದು ನಿಧಿ ಕೂಡಿಸಬಹುದೆಂದು 1926ರ ಕಾರ್ಮಿಕ ಸಂಘಗಳ ಕಾಯಿದೆ ಅನುಮತಿಸಿತ್ತು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅನುಮತಿಸುತ್ತದೆ. ಆ ನಿಧಿಗೆ ವರ್ಗಣಿ ಕೊಡೆಂದು ಯಾರನ್ನೂ ಬಲವಂತಪಡಿಸಬಾರದು, ಅಷ್ಟೆ. ಒಂದು ಕಾಯಿದೆ ಹಕ್ಕೆಂದು ಕೊಟ್ಟ ಗುರಿಯೇ ಇನ್ನೊಂದರಲ್ಲಿ ಬಾಗಿಲಿಗೆ ಅಗುಳಿಯಾಗುತ್ತದೆ. ಸಂಘದ ನಿಯಮಾವಳಿ ಬರೆಯುವವರು ಈ ಮಾತನ್ನು ಮರೆಯಬಾರದು.

ನಮ್ಮ ಸಂಘ ಪಕ್ಷಾತೀತವೇ ಎನ್ನಿ. ಆದರೂ ಹಣ ನೆಟ್ಟಗೆ ಶಹಾಪುರಕ್ಕೆ ಬಾರದು. ಕೇಂದ್ರ ಗೃಹ ಮಂತ್ರಾಲಯದಲ್ಲಿ ನೋಂದಣಿಯಾಗಬೇಕು, ಇಲ್ಲವೆ ಕೊಡುವವರ ಹೆಸರು, ಉದ್ದೇಶ ತಿಳಿಸಿ ಮುಂಗಡ ಅನುಮತಿ ಪಡೆಯಬೇಕು. ಹಣ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ದಿಲ್ಲಿಯ ಮಹಾಸಂಘವೊಂದು ತಾನು ಪಡೆದುದನ್ನು ಇಲ್ಲಿಯ ಸಂಘಕ್ಕೆ ದಾಟಿಸುವುದೂ 2020ರ ತಿದ್ದುಪಡಿಯಿಂದ ನಿಂತಿತು. ಅನುಮತಿ ಕೈಗೆ ಬರುವವರೆಗೆ ಮುಷ್ಕರ ಉಳಿದೀತೆ?

ಮನೆಮಂದಿಗೂ ತಿಳಿದಿರಬೇಕಾದ ಒಂದು ಅಂಶ. ದುಬೈಯಲ್ಲಿ ದುಡಿಯುವ ಓಣಿಯ ಹುಡುಗ, ಭಾರತದ ಪಾಸ್‌ಪೋರ್ಟು ಉಳ್ಳವನು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಸಂಘಕ್ಕೆ ಕಳುಹಿಸಿದರೆ ಅದು ವಿದೇಶೀ ವಂತಿಗೆಯಲ್ಲ. ಅವನ ಅಣ್ಣ ಅಮೆರಿಕದ ಪೌರನಾಗಿದ್ದರೆ, ಅವನು ಕೊಟ್ಟ ನೂರು ರೂಪಾಯಿಯೂ ವಿದೇಶೀ ವಂತಿಗೆಯೇ.